ಲೇಸರ್ ಮಾಡಿಸಿದ ಮೇಲೆ ಬಂದ ಕನ್ನಡಕ

ಆಗ ನನಗೆ ಅರವತ್ತೊಂಬತ್ತು ವರ್ಷ. ಇದು ಮೂರು ವರ್ಷದ ಹಿಂದಿನ ಸಂಗತಿ. ಇದನ್ನು ಬರೆಯಲು ಕೂತದ್ದು ಹೇಳಿ ಹೇಳಿ ಸಾಕಾಗಿ. ಗುಲ್ವಾಡಿಯಲ್ಲಿ ಬಸ್ಸು ಹತ್ತಿ ಕುಂದಾಪುರದಲ್ಲಿ ಇಳಿಯುವುದರೊಳಗೆ ಯಾರಾದರೊಬ್ಬರು ನನ್ನ ಮುಖ ನೋಡಿ, ಲೇಸರ್ ಮಾಡಿಸಿದವಳು ಇಷ್ಟು ದಪ್ಪ ಕನ್ನಡಕ ಯಾಕೆ ಹಾಕಿದ್ದು ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಿದರೆ ಪೂರ್ತಿ ಕೇಳುವ ತಾಳ್ಮೆ ಅವರಿಗಿಲ್ಲ. ನಾನು ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು. ಒತ್ತಕ್ಷರ ತಪ್ಪುತ್ತದೆ, ಅದನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತನ್ನು ತಿದ್ದಬೇಡ ಎಂದು ಹೇಳಿದ್ದೇನೆ. ಕಣ್ಣಿಗೆ ಪೆಟ್ಟಾಗಿ ಮೂಲೆಯಲ್ಲಿ ಕೂತವರು ಎಲ್ಲಾದರೂ ಇದ್ದರೆ ಯಾರಿಂದಲಾದರೂ ಓದಿಸಿ ಕೇಳಲಿ. ಉಳಿದವರು ಬಸ್ಸಿನಲ್ಲಿ ಕೇಳುವುದನ್ನು ಬಿಡಲಿ.

ನನ್ನ ಎಡಗಣ್ಣು ಹುಟ್ಟಿನಿಂದಲೇ ಮಂದ. ಮನುಷ್ಯರು ನಿಂತದ್ದು ತಿಳಿಯುತ್ತದೆ, ಯಾರೆಂದು ತಿಳಿಯುವುದಿಲ್ಲ. ಸಣ್ಣವಳಿರುವಾಗ ಅದನ್ನು ಯಾರೂ ಗಮನಿಸಲಿಲ್ಲ, ಗಮನಿಸಿದ್ದರೂ ಏನೂ ಮಾಡುತ್ತಿರಲಿಲ್ಲ. ಮದುವೆ, ಹೆರಿಗೆ, ಗದ್ದೆ, ಗಂಡ ತೀರಿಕೊಂಡ ಮೇಲಿನ ವರ್ಷಗಳು, ಎಲ್ಲವೂ ನಡೆದದ್ದು ಬಲಗಣ್ಣು ಒಂದರಲ್ಲಿ. ಅದಕ್ಕೂ ಪೊರೆ ಬಂದಾಗ ಶಿಬಿರದಲ್ಲಿ ತೆಗೆಸಿದ್ದೆ. ಚೆನ್ನಾಗಿಯೇ ಕಾಣುತ್ತಿತ್ತು.

ನನ್ನ ಕೆಲಸ ಮೂಡೆ ಕಟ್ಟುವುದು. ಹಬ್ಬದ ಕಡುಬಿಗೆ ಹಿಟ್ಟು ಹೊಯ್ಯುವ ಎಲೆಯ ಕೊಳವೆಗೆ ಮೂಡೆ ಎನ್ನುತ್ತೇವೆ. ಹೊಳೆ ಬದಿಯಲ್ಲಿ ಬೆಳೆಯುವ ಮುಂಡಕದ ಓಲೆಯಿಂದ ಅದನ್ನು ಸುತ್ತುವುದು. ಈ ಓಲೆಗೆ ಎರಡೂ ಅಂಚಿನಲ್ಲಿ ಮುಳ್ಳು, ಸಾಲದ್ದಕ್ಕೆ ನಡುವಿನ ನರದಲ್ಲೂ ಮುಳ್ಳು. ಕತ್ತಿಯಲ್ಲಿ ಮುಳ್ಳು ಸೀಳಿ ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ ಆಮೇಲೆ ಸುತ್ತಬೇಕು. ಮುಳ್ಳು ಪೂರ್ತಿ ಹೋಯಿತೋ ಇಲ್ಲವೋ ಎಂದು ಬೆರಳಿನಲ್ಲಿ ಸವರಿದರೆ ನಮಗೆ ತಿಳಿಯುವುದಿಲ್ಲ. ವರ್ಷಗಟ್ಟಲೆ ಅದೇ ಕೆಲಸ ಮಾಡಿ ಬೆರಳಿನ ಚರ್ಮ ಸತ್ತಿರುತ್ತದೆ. ಅದಕ್ಕೆ ಓಲೆಯನ್ನು ಕೆನ್ನೆಗೆ ಒತ್ತಿ ಎಳೆದು ನೋಡುವುದು. ಕೆನ್ನೆಗೆ ಸಣ್ಣ ಮುಳ್ಳೂ ತಿಳಿಯುತ್ತದೆ. ನನ್ನ ತಾಯಿ ಹಾಗೆ ನೋಡುತ್ತಿದ್ದಳು, ನಾನೂ ಹಾಗೆಯೇ ನೋಡುತ್ತಿದ್ದೆ. ಅಷ್ಟಮಿ ಹತ್ತಿರ ಬಂದಿತ್ತು, ಕೆಲಸ ಅವಸರದಲ್ಲಿತ್ತು. ಕೆನ್ನೆಯ ಮೇಲೆ ಎಳೆಯುವಾಗ ಓಲೆ ಕೈಜಾರಿ ಚಿಮ್ಮಿ ಬಲಗಣ್ಣಿಗೆ ಬಡಿಯಿತು.

ನೀರು ಸುರಿಯಿತು. ಸೆರಗು ಒತ್ತಿ ಹಿಡಿದು ಸ್ವಲ್ಪ ಹೊತ್ತು ಕೂತೆ, ಆಮೇಲೆ ಉಳಿದ ಓಲೆ ಮುಗಿಸಿದೆ. ಪಕ್ಕದ ಮನೆಯ ಪದ್ದಕ್ಕ ಬಂದು ನೋಡಿದಳು. ಅವಳಿಗೆ ಎಲ್ಲ ರೋಗಕ್ಕೂ ಒಂದು ಮದ್ದು ಗೊತ್ತು.

"ನಂದಿಬಟ್ಲ್ ಹೂಗಿನ ರಸ ಬಿಟ್ರೆ ನಾಳೆಗೆ ಗುಣ ಆತ್ತ್. ಇದಕ್ಕೆಲ್ಲ ಡಾಕ್ಟ್ರ್ ಎಂತಕ್ಕೆ?"

ಹೂ ತಂದವಳು ಅವಳೇ, ಹಿಂಡಿದವಳೂ ಅವಳೇ. ತಣ್ಣಗಾಯಿತು ಎಂದು ನಾನೂ ಸುಮ್ಮನಿದ್ದೆ. ಅಷ್ಟಮಿ ಕಳೆಯುವವರೆಗೂ ದಿನಾ ಬಿಡುತ್ತಿದ್ದೆವು. ಹಬ್ಬ ಕಳೆಯುವಾಗ ಕಣ್ಣು ಕೆಂಡವಾಗಿತ್ತು, ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನ ಹಾಗೆ ಬಿಳಿ ಕೂತಿತ್ತು. ಬೆಳಕಿಗೆ ಮುಖ ತಿರುಗಿಸಲು ಆಗುತ್ತಿರಲಿಲ್ಲ. ಆಗ ಮಗಳು ಜಲಜ ನನ್ನನ್ನು ಕುಂದಾಪುರದ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ನೋಡಿದರು, ಮೊದಲು ಬೈದರು. ಎಲೆಯಿಂದ ಗಾಯವಾದ ಕಣ್ಣಿಗೆ ಮತ್ತೆ ಹೂವಿನ ರಸ ಬಿಟ್ಟದ್ದು ಯಾರ ಬುದ್ಧಿ ಎಂದು ಕೇಳಿದರು. ಜಲಜ ನನ್ನ ಕಡೆ ನೋಡಿದಳು, ನಾನು ಗೋಡೆಯ ಕಡೆ ನೋಡಿದೆ. ಗಾಯ ಹುಣ್ಣಾಗಿದೆ, ಬೂಸುರು ಹಿಡಿದಿದೆ ಎಂದರು. ಗೋಡೆಗೆ ಬೂಸುರು ಹಿಡಿಯುವುದು ಗೊತ್ತು, ಉಪ್ಪಿನಕಾಯಿಗೆ ಹಿಡಿಯುವುದು ಗೊತ್ತು. ಕಣ್ಣಿಗೂ ಹಿಡಿಯುತ್ತದೆ ಎಂದು ಆವತ್ತು ತಿಳಿಯಿತು. ಹಗಲೆಲ್ಲ ಗಂಟೆಗೊಮ್ಮೆ ಹನಿ ಮದ್ದು. ಹಾಕುವವಳು ಜಲಜ. ಪಾಪ, ಅನ್ನ ಬಸಿಯುತ್ತಾ ಓಡಿ ಬರುವುದು, ಹನಿ ಬಿಡುವುದು, ಮತ್ತೆ ಓಡುವುದು. ಅವಳು ಬೈದುಕೊಂಡೇ ಬಿಡುತ್ತಿದ್ದಳು, ನಾನು ಬೈಸಿಕೊಂಡೇ ಬಿಡಿಸಿಕೊಳ್ಳುತ್ತಿದ್ದೆ. ದೀಪಾವಳಿ ಹೊತ್ತಿಗೆ ಹುಣ್ಣು ಮಾಯಿತು. ಕಣ್ಣು ಉಳಿದದ್ದು ನಿಮ್ಮ ಪುಣ್ಯ ಎಂದರು ಡಾಕ್ಟರು.

ಕಣ್ಣು ಉಳಿದಿತ್ತು ಸರಿ, ಕಾಣಬೇಕಲ್ಲ? ಹುಣ್ಣು ಮಾದ ಜಾಗದಲ್ಲಿ ಕಲೆ ನಿಂತಿತ್ತು, ಅದೂ ನಟ್ಟ ನಡುವೆ. ಲೋಟದಲ್ಲಿ ಗಂಜಿ ತಿಳಿ ಒಣಗಿದರೆ ಲೋಟದ ಆಚೆಗಿನದ್ದು ಹೇಗೆ ಕಾಣುತ್ತದೋ ಹಾಗೆ ಎಲ್ಲ ಮಂಜು. ಜಲಜನ ಮುಖ ಮಂಜು, ತಟ್ಟೆ ಮಂಜು, ಅಂಗಳದಲ್ಲಿ ನಿಂತದ್ದು ದನವೋ ಮನುಷ್ಯನೋ ತಿಳಿಯದು. ಎಡಗಣ್ಣು ಮೊದಲೇ ಮಂದ. ಈಗ ಎರಡೂ ಒಂದೇ ಆಯಿತು.

ಮನೆಯವರ ಉಪಚಾರ ಶುರುವಾಯಿತು. ರೋಗಕ್ಕಿಂತ ಅದನ್ನು ತಡೆದುಕೊಳ್ಳುವುದು ಕಷ್ಟ. ಜಲಜನ ಗಂಡ ಸುರೇಶ ಶಾಲೆಯ ವ್ಯಾನು ಓಡಿಸುವವನು, ಒಳ್ಳೆಯವನು. ಅವನು ಅಡುಗೆ ಕೋಣೆಯ ಬಾಗಿಲಿನಿಂದ ಬಚ್ಚಲಿನ ತನಕ ನೈಲಾನ್ ಹಗ್ಗ ಕಟ್ಟಿದ. ಅತ್ತೆ ಅದನ್ನು ಹಿಡಿದುಕೊಂಡು ಹೋಗಲಿ ಎಂದು. ನಲವತ್ತು ವರ್ಷದಿಂದ ಆ ಬಚ್ಚಲಿಗೆ ಹೋಗುತ್ತಿರುವವಳು ನಾನು, ಕಣ್ಣು ಮುಚ್ಚಿ ಹೋಗಬಲ್ಲೆ. ಹೋಗಲಾಗದಂತೆ ಮಾಡಿದ್ದು ಆ ಹಗ್ಗ. ಹಗ್ಗ ಸಡಿಲಾಗಿ ಜೋತುಬಿದ್ದದ್ದು ಮಂಜಿನಲ್ಲಿ ಕಾಣಲಿಲ್ಲ, ಕಾಲಿಗೆ ಸಿಕ್ಕಿ ಬಿದ್ದೆ, ಮೊಣಕಾಲು ತರಚಿತು. ಬಿದ್ದದ್ದನ್ನು ನೋಡಿ, ಕಂಡಿರಾ, ಒಬ್ಬರನ್ನೇ ಬಿಡುವ ಹಾಗಿಲ್ಲ ಎಂದು ಎಲ್ಲರೂ ಒಪ್ಪಿದರು.

ನೋಡಲು ಬರುವವರು ಬೇರೆ. ಬಂದವರು ಬೆಲ್ಲ ನೀರು ಕುಡಿದು, ನನ್ನ ಮುಖದ ಹತ್ತಿರ ಕೈ ಬೀಸಿ, ಇದು ಎಷ್ಟು ಬೆರಳು ಎಂದು ಕೇಳುವುದು. ಕಣ್ಣು ಮಂಜಾದರೆ ಕಿವಿಯೂ ಹೋಗಿರುತ್ತದೆ ಎಂದುಕೊಂಡು ದೊಡ್ಡ ದನಿಯಲ್ಲಿ ಮಾತಾಡುವುದು. ಪೊರೆ ಇರಬೇಕು, ಶಿಬಿರಕ್ಕೆ ಹೋಗಿ ಎನ್ನುವುದು. ಪೊರೆ ತೆಗೆದಾಗಿದೆ ಎಂದರೆ, ಹಾಗಾದರೆ ಮತ್ತೆ ಬಂದಿರಬೇಕು ಎನ್ನುವುದು. ನಾನು ಹೇಳುವುದನ್ನು ಬಿಟ್ಟೆ. ತೆಕ್ಕಟ್ಟೆಯಲ್ಲಿರುವ ನನ್ನ ಗಂಡನ ತಂಗಿ ಗುಲಾಬಿ ಬಂದಳು, ನನ್ನ ಕೈ ಹಿಡಿದು ಅತ್ತಳು, ಹೋಗುವಾಗ ಜಲಜನ ಹತ್ತಿರ ದೇವಸ್ಥಾನಕ್ಕೆ ಬೆಳ್ಳಿಯ ಕಣ್ಣು ಹರಕೆ ಹೇಳಿಕೊಂಡಿದ್ದೇನೆ ಎಂದು ಹೇಳಿ ಹೋದಳು. ಕಣ್ಣು ನನ್ನದು, ಹರಕೆ ಹೇಳುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಲೇಸರಿನ ಮಾತು ತೆಗೆದವಳು ಮೊಮ್ಮಗಳು ಅಶ್ವಿನಿ. ಜಲಜನ ಮಗಳು, ಕೋಟದಲ್ಲಿ ಸೊಸೈಟಿಯ ಕೌಂಟರಿನಲ್ಲಿ ಕೆಲಸ. ಅವಳಿಗೆ ಶಾಲೆಗೆ ಹೋಗುವಾಗಲೇ ದಪ್ಪ ಕನ್ನಡಕ ಬಂದಿತ್ತು. ಮಳೆಯಲ್ಲಿ ಸ್ಕೂಟಿ ಓಡಿಸುವಾಗ ಕನ್ನಡಕಕ್ಕೆ ನೀರು ಬಿದ್ದು ದಾರಿ ಕಾಣುವುದಿಲ್ಲ ಎಂದು ಹಿಂದಿನ ವರ್ಷ ಲೇಸರ್ ಮಾಡಿಸಿ ಕನ್ನಡಕ ತೆಗೆಸಿಕೊಂಡಿದ್ದಳು. ಮರುದಿನವೇ ಗೋಡೆಯ ಕ್ಯಾಲೆಂಡರು ಓದಿದವಳು. ಆದ್ದರಿಂದ ನಮ್ಮ ಮನೆಯಲ್ಲಿ ಲೇಸರಿನ ವಿಷಯದಲ್ಲಿ ಅವಳ ಮಾತೇ ಕೊನೆ.

"ಅಮ್ಮಮ್ಮ, ಹತ್ತ್ ನಿಮಿಷದ ಕೆಲ್ಸ. ಸೂಜಿ ಚುಚ್ಚಿದಷ್ಟೂ ನೋವಿಲ್ಲೆ," ಎಂದಳು.

ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಕಾಯುವ ಹಾಲ್‌ನಲ್ಲಿ ಜಾತ್ರೆಯಷ್ಟು ಜನ, ಎಲ್ಲರ ಕಣ್ಣಿಗೂ ಹನಿ ಬಿಟ್ಟಿದ್ದಾರೆ, ಎಲ್ಲರೂ ಮುಖ ಮೇಲೆತ್ತಿ ಕಣ್ಣು ಮುಚ್ಚಿ ಕೂತಿದ್ದಾರೆ ಎಂದು ಅಶ್ವಿನಿ ಹೇಳಿದಳು. ಎದುರಿಗೆ ಟಿ.ವಿ. ಓಡುತ್ತಿದೆ. ಕಣ್ಣು ಮುಚ್ಚಿ ಕೂರಿಸಿದವರಿಗೆ ಟಿ.ವಿ. ಹಾಕಿದವರ ಬುದ್ಧಿಗೆ ಏನು ಹೇಳಬೇಕು. ನನ್ನ ಪಕ್ಕ ಬೈಂದೂರಿನ ಒಬ್ಬ ಹೆಂಗಸು ಕೂತಿದ್ದಳು. ಅವಳ ಕಣ್ಣಿಗೆ ಭತ್ತದ ಹೊಟ್ಟು ಬಿದ್ದದ್ದಂತೆ. ನೀವು ಏನು ಬಿಟ್ಟಿರಿ ಎಂದು ಕೇಳಿದೆ. ಹರಳೆಣ್ಣೆ ಎಂದಳು. ನಾನು ಹೂವಿನ ರಸ ಎಂದೆ. ಇಬ್ಬರಿಗೂ ನಗು ಬಂತು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಅವಳು ಚೀಲದಿಂದ ಬಿಸ್ಕೀಟು ತೆಗೆದು ನನ್ನ ಅಂಗೈ ಹುಡುಕಿ ಅದರೊಳಗೆ ಇಟ್ಟಳು. ಇಬ್ಬರೂ ಕಣ್ಣು ಮುಚ್ಚಿಕೊಂಡು ತಿಂದೆವು. ಆ ಹಾಲ್‌ನಲ್ಲಿ ಬೆರಳು ಎಷ್ಟು ಎಂದು ಕೇಳದ ಒಬ್ಬಳು ಅವಳು.

ಪರೀಕ್ಷೆ ಮಾಡುವ ಹುಡುಗಿ ನನ್ನ ಸೀರೆ ನೋಡಿಯೋ ಏನೋ, ಅಕ್ಷರ ಬಾರದವರಿಗೆ ತೋರಿಸುವ ಹಲಗೆ ಹಾಕಿದಳು. ಅದರಲ್ಲಿ ಮೂರು ಕಾಲಿನ ಒಂದು ಗುರುತು, ಕಾಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಬೇಕಂತೆ. ನನಗೆ ಅಕ್ಷರ ಬರುತ್ತದೆ ಎಂದೆ. ಕನ್ನಡ ಅಕ್ಷರದ ಹಲಗೆ ಹಾಕಿದಳು. ಮೇಲಿನ ದೊಡ್ಡದು ಒಂದು ಬಿಟ್ಟು ಬೇರೆ ಯಾವುದೂ ಕಾಣಲಿಲ್ಲ. ಅಕ್ಷರ ಬಂದು ಆವತ್ತು ಏನೂ ಉಪಯೋಗವಾಗಲಿಲ್ಲ.

ಅಲ್ಲಿಯ ಡಾಕ್ಟರು ಅವಸರ ಮಾಡದೆ ಹೇಳಿದರು. ಕಲೆ ಆಳಕ್ಕೆ ಇಳಿದಿಲ್ಲ, ಮೇಲ್ಪದರದಲ್ಲೇ ಇದೆ. ಆಳಕ್ಕೆ ಹೋಗಿದ್ದರೆ ಸತ್ತವರ ಕಣ್ಣಿನ ತುಂಡು ತಂದು ಹಾಕಬೇಕಾಗಿತ್ತು. ಮೇಲೆಯೇ ಇರುವುದರಿಂದ ಲೇಸರಿನಲ್ಲಿ ತೆಳ್ಳಗೆ ಕೆತ್ತಿ ತೆಗೆಯಬಹುದು. ಮೊಮ್ಮಗಳಿಗೆ ಮಾಡಿದ ಯಂತ್ರವೇ, ಆದರೆ ಕೆಲಸ ಬೇರೆ. ಕೆತ್ತಿದ ಮೇಲೆ ಕಣ್ಣಿನ ಆಕಾರ ಬದಲಾಗುತ್ತದೆ, ಹತ್ತಿರದ್ದು ಕಾಣಲು ಕನ್ನಡಕ ಬೇಕಾದೀತು. ಇದನ್ನೆಲ್ಲ ಅವರು ಹೇಳಿದ್ದು ನಿಜ. ನಾನು ಕೇಳಿಸಿಕೊಂಡದ್ದೂ ನಿಜ. ತಲೆಗೆ ಹೋಗಲಿಲ್ಲ. ಲೇಸರ್ ಮಾಡಿಸಿಕೊಂಡವಳು ಕನ್ನಡಕವಿಲ್ಲದೆ ನನ್ನ ಪಕ್ಕದಲ್ಲೇ ಕೂತು, ಹೌದು ಹೌದು ಎಂದು ತಲೆ ಆಡಿಸುತ್ತಿದ್ದಳಲ್ಲ. ನಾನು ಕೇಳಿದ್ದು ಒಂದೇ.

"ನಂಗೆ ಇಪ್ಪುದ್ ಇದೊಂದೇ ಕಣ್ಣ್. ಇದ್ ಹೋರೆ?"

"ಹೋಗುವ ಸಂಭವ ಬಹಳ ಕಡಿಮೆ ಅಜ್ಜಿ. ಹೋಗುವುದೇ ಇಲ್ಲ ಅಂತ ನಾನು ಹೇಳುದಿಲ್ಲ," ಎಂದರು ಡಾಕ್ಟರು.

ಆ ಮಾತು ನನಗೆ ಹಿಡಿಸಿತು. ಇಷ್ಟು ದಿನ ನನ್ನ ಹತ್ತಿರ ಗುಣವಾಗುತ್ತದೆ ಎಂದವರೆಲ್ಲ ಬಾಗಿಲು ದಾಟಿದ ಮೇಲೆ ತಲೆ ಅಲ್ಲಾಡಿಸುತ್ತಿದ್ದರು. ಇವರು ಮುಖಕ್ಕೇ ಹೇಳಿದರು.

ಮನೆಯಲ್ಲಿ ಸಭೆ ಸೇರಿತು. ಜಲಜ ಅತ್ತಳು. ಬೇಕು ಎಂದು ಅತ್ತದ್ದೋ ಬೇಡ ಎಂದು ಅತ್ತದ್ದೋ ಅವಳಿಗೂ ಗೊತ್ತಿಲ್ಲ. ಸುರೇಶ ಬೇಡವೆಂದು ಹಟ ಹಿಡಿದ.

"ಅತ್ತೆ, ಮಂಜಾರೂ ಇಷ್ಟಾರೂ ಕಾಣತ್ತಲ್ದಾ? ಇದನ್ನೂ ಕಳ್ಕಂಡ್ರೆ ಎಂತ ಮಾಡ್ತ್ರಿ?"

"ಮಂಜಿನೊಳ್ಗೆ ಇಪ್ಪುದ್ ನಾನ್ ಮಾರಾಯ. ನೀ ಹೊರ್ಗೆ ನಿಂತ್ಕಂಡ್ ಮಾತಾಡ್ಬೇಡ," ಎಂದೆ.

ಅವನು ಹೇಳಿದ್ದು ತಪ್ಪಲ್ಲ, ನನಗೂ ಅದೇ ಹೆದರಿಕೆ. ಈಗ ಬೆಳಕಾದದ್ದು ತಿಳಿಯುತ್ತದೆ, ಬಾಗಿಲು ತೆರೆದದ್ದು ತಿಳಿಯುತ್ತದೆ. ಅದೂ ಹೋದರೆ ಮೂಲೆಯಲ್ಲಿ ಕೂರಿಸಿ ಬಾಯಿಗೆ ತುತ್ತು ಹಾಕುತ್ತಾರೆ. ಹಾಕುವುದಿಲ್ಲ ಎಂದಲ್ಲ, ಖಂಡಿತ ಹಾಕುತ್ತಾರೆ. ನನಗೆ ಬೇಡದ್ದು ಅದೇ. ಆದರೆ ಇರುವುದನ್ನು ಉಳಿಸಿಕೊಳ್ಳುವುದೆಂದರೆ ಸಾಯುವ ತನಕ ಆ ಹಗ್ಗ ಹಿಡಿದುಕೊಂಡು ಬಚ್ಚಲಿಗೆ ಹೋಗುವುದು. ಮಾಡಿಸುತ್ತೇನೆ ಎಂದೆ. ಬೆಳ್ಳಿ ಕಣ್ಣು ಒಪ್ಪಿಸಿ ಹೋಗಲಿ ಎಂದು ಗುಲಾಬಿ ಫೋನಿನಲ್ಲಿ ಕೂಗಿಕೊಂಡಳು. ಅವಳು ಹೇಳಿದ ಹರಕೆ ಅವಳು ಪುರಸೊತ್ತಿನಲ್ಲಿ ತೀರಿಸಲಿ ಎಂದು ಫೋನು ಜಲಜನ ಕೈಗೆ ಕೊಟ್ಟೆ.

ಆಪರೇಷನ್ನಿನ ದಿನ ಬೆಳಿಗ್ಗೆಯಿಂದ ಕೂರಿಸಿದರು. ತಲೆಗೆ ಟೊಪ್ಪಿ, ಕಾಲಿಗೆ ಚೀಲ, ಮೂಗುತಿ ತೆಗೆಯಿರಿ ಎಂದರು. ಮದುವೆಯ ನಂತರ ತೆಗೆಯದ ಮೂಗುತಿ. ಕಣ್ಣಿನ ಕೆಲಸಕ್ಕೆ ಮೂಗಿನದ್ದು ಯಾಕೆ ಎಂದು ಕೇಳಿದೆ. ತಿರುಪು ಬರಲಿಲ್ಲ, ಒಬ್ಬಳು ಎಳೆದಳು, ಇನ್ನೊಬ್ಬಳು ಎಳೆದಳು, ಕೊನೆಗೆ ಇರಲಿ ಎಂದರು. ಮರಗಟ್ಟುವ ಹನಿ ಬಿಟ್ಟು, ರೆಪ್ಪೆ ಮುಚ್ಚದ ಹಾಗೆ ತಂತಿ ಸಿಕ್ಕಿಸಿ ಮಲಗಿಸಿದರು. ನೋವಿಲ್ಲ. ಆದರೆ ಕಣ್ಣು ಮುಚ್ಚಲು ಮನಸ್ಸು ಹೇಳುತ್ತದೆ, ಕಣ್ಣು ಮುಚ್ಚುವುದಿಲ್ಲ. ಅದರ ಹೆದರಿಕೆಯೇ ಬೇರೆ. ನನ್ನ ಕಾಲು ನಡುಗುವುದು ನನಗೇ ಕೇಳುತ್ತಿತ್ತು, ಮಂಚದ ಕಬ್ಬಿಣ ಕಿಟಿಕಿಟಿ ಎನ್ನುತ್ತಿತ್ತು. ಅಲ್ಲಿದ್ದ ನರ್ಸ್ ನಮ್ಮ ಕಡೆಯವಳೇ ಇರಬೇಕು, ಮಾತು ಕೇಳಿದ ಕೂಡಲೇ ತಿಳಿಯಿತು.

"ಅಜ್ಜಿ, ಆ ಬೆಳ್ಕೊಂದನ್ನೇ ಕಾಣಿ, ಬೇರೆ ಎಲ್ಲೂ ಕಾಂಬುಕಾಗ. ನಾ ಇಲ್ಲೇ ಇದ್ದೆ," ಎಂದು ನನ್ನ ಕೈಯನ್ನು ಅವಳ ಕೈಯೊಳಗೆ ಇಟ್ಟುಕೊಂಡಳು.

ಮಣಮಣ ಮಂತ್ರ ಹೇಳುವವರು, ಹರಕೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆ ಹೊತ್ತಿಗೆ ಬೇಕಾದದ್ದು ಹೀಗೆ ಕೈ ಹಿಡಿಯುವ ಒಬ್ಬಳು. ಕಾಲು ನಿಂತಿತು. ಯಂತ್ರ ಟಕಟಕ ಎಂದಿತು. ಕೋಳಿಯ ಪುಕ್ಕ ಸುಟ್ಟ ವಾಸನೆ ಬಂತು. ಸುಡುತ್ತಿರುವುದು ನನ್ನ ಕಣ್ಣೇ ಎಂದು ಗೊತ್ತಾಯಿತು. ಅಷ್ಟರಲ್ಲಿ ಮುಗಿಯಿತು ಎಂದರು. ಗಾಯಕ್ಕೆ ಬಟ್ಟೆ ಕಟ್ಟಿದ ಹಾಗೆ ಕಣ್ಣಿನ ಮೇಲೆ ತೆಳ್ಳಗಿನ ಒಂದು ಬಿಲ್ಲೆ ಇಟ್ಟು, ಕಪ್ಪು ಕನ್ನಡಕ ಹಾಕಿ ಹೊರಗೆ ಕಳಿಸಿದರು.

ಸುರೇಶ ರಜೆಯ ದಿನವೆಂದು ಶಾಲೆಯ ವ್ಯಾನನ್ನೇ ತಂದಿದ್ದ. ಚಿಕ್ಕ ಮಕ್ಕಳ ಸೀಟು, ಮೊಣಕಾಲು ಗಲ್ಲಕ್ಕೆ ಬಡಿಯುತ್ತದೆ. ಆದರೂ ಬ್ರಹ್ಮಾವರ ದಾಟುವ ತನಕ ನಾನು ಅಶ್ವಿನಿಯನ್ನು ಹೊಗಳುತ್ತಿದ್ದೆ. ಸೂಜಿ ಚುಚ್ಚಿದಷ್ಟೂ ನೋವಿಲ್ಲ, ಹುಡುಗಿ ಸರಿಯಾಗಿಯೇ ಹೇಳಿದ್ದಾಳೆ ಎಂದೆ. ಸಾಲಿಗ್ರಾಮದಲ್ಲಿ ಮರಗಟ್ಟಿದ್ದು ಬಿಡಲು ಶುರುವಾಯಿತು. ಕೋಟ ತಲುಪುವಾಗ ಕಣ್ಣಿಗೆ ಯಾರೋ ಮೆಣಸಿನ ಹುಡಿ ತುಂಬಿ ಒರಳಿನಲ್ಲಿ ರುಬ್ಬುತ್ತಿದ್ದ ಹಾಗೆ. ಮುಚ್ಚಿದರೂ ಉರಿ, ತೆರೆದರೂ ಉರಿ. ಮೂಗಿನಿಂದ, ಕಣ್ಣಿನಿಂದ ನೀರು. ಎರಡು ಹೆರಿಗೆಯಲ್ಲಿ ಬಾಯಿ ಬಿಡದವಳು ನಾನು. ತೆಕ್ಕಟ್ಟೆಯಲ್ಲಿ ವ್ಯಾನು ನಿಲ್ಲಿಸು ಎಂದು ಕೂಗಿದೆ. ನಿಲ್ಲಿಸಿ ಏನು ಮಾಡುವುದು ಎಂದು ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ನಂಗ್ ಹೀಂಗ್ ಆಯ್ಲಿಲ್ಲ ಅಮ್ಮಮ್ಮ," ಎಂದಳು ಅಶ್ವಿನಿ, ಅಳುವ ದನಿಯಲ್ಲಿ.

"ನಿನ್ ಕಣ್ಣಿನ ಸುದ್ದಿ ಇನ್ನೊಂದ್ ಸಲ ಹೇಳ್ದ್ರೆ ಕಾಣ್," ಎಂದೆ.

ಅವಳು ಆಸ್ಪತ್ರೆಗೆ ಫೋನು ಮಾಡಿದಳು. ಅವರು ಹೇಳಿದ್ದನ್ನು ಅವಳು ನನಗೆ ಬಿಡಿಸಿ ಹೇಳಿದಳು. ಅವಳ ಕಣ್ಣಿನಲ್ಲಿ 'ಮುಚ್ಚಳ'ದ ಹಾಗೆ ಮೇಲಿನ ಪದರ ಎತ್ತಿ, ಒಳಗೆ ಕೆತ್ತಿ, ಮತ್ತೆ ಮುಚ್ಚಳ ಮುಚ್ಚಿದ್ದಂತೆ. ನನ್ನದರಲ್ಲಿ ಕಲೆ ಮೇಲೆಯೇ ಇದ್ದದ್ದರಿಂದ ಮೇಲಿನಿಂದಲೇ ಕೆತ್ತಿದ್ದು, ಮುಚ್ಚಳವಿಲ್ಲ. ಹೊಸ ಚರ್ಮ ಬರುವ ತನಕ ಉರಿಯುತ್ತದಂತೆ. ನೋವಿನ ಗುಳಿಗೆ ಕೊಟ್ಟಿದ್ದಾರಲ್ಲ, ನುಂಗಲಿ ಎಂದರಂತೆ. ಗುಳಿಗೆ ನಮ್ಮ ಹತ್ತಿರವೇ ಇತ್ತು. ನೋವೇ ಇರುವುದಿಲ್ಲ ಎಂದು ಅಶ್ವಿನಿ ಅದನ್ನು ಚೀಲದ ತಳದಲ್ಲಿ ಹಾಕಿದ್ದಳು.

ಅದೇ ಯಂತ್ರ, ಕೆತ್ತುವುದೂ ಕರಿಗುಡ್ಡೆಯ ಮೇಲಿನ ಅದೇ ಗಾಜು. ಆದರೆ ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಇದನ್ನು ಓದಿಸಿ ಕೇಳುವವರು ಇದೊಂದನ್ನು ನೆನಪಿಟ್ಟುಕೊಳ್ಳಿ. ನೋವು ಎಷ್ಟು ಎಂದು ಡಾಕ್ಟರನ್ನೇ ಕೇಳಿ, ಮೊಮ್ಮಕ್ಕಳನ್ನು ಕೇಳಬೇಡಿ. ಕೆಲವು ದಿನ ಬಹಳ ಕಷ್ಟ. ಆಮೇಲೆ ಉರಿ ತಾನಾಗಿ ಇಳಿಯುತ್ತದೆ. ನನಗೆ ಇಳಿಯಿತು.

ಬಿಲ್ಲೆ ತೆಗೆದ ದಿನ ಮನೆಗೆ ಬಂದು ಹೊಳೆಯ ಕಡೆ ನೋಡಿದೆ. ಆಚೆ ದಡ ಕಂಡಿತು. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದದ್ದು ಕಂಡಿತು. ಮಂಜು ಹೋಗಿತ್ತು. ಕಣ್ಣು ಬಂತು ಎಂದು ಜಲಜನನ್ನು ಕರೆದೆ. ಅವಳು ಓಡಿ ಬಂದು ಎದುರು ನಿಂತಳು. ಅವಳ ಮುಖ ಕದಡಿದ ನೀರಿನಲ್ಲಿ ಕಂಡ ಹಾಗೆ ಇತ್ತು. ನನ್ನ ಕೈ ನೋಡಿಕೊಂಡೆ, ಬೆರಳು ಒಂದಕ್ಕೊಂದು ಕಲಸಿ ಹೋಗಿದೆ. ಊಟಕ್ಕೆ ಕೂತರೆ ಅನ್ನ ಕಾಣುವುದಿಲ್ಲ, ಬೆಳ್ಳಗಿನ ಒಂದು ಗುಪ್ಪೆ. ಹೊಳೆಯ ಆಚೆಗಿನದ್ದು ಕಾಣುತ್ತದೆ, ತಟ್ಟೆಯದ್ದು ಕಾಣುವುದಿಲ್ಲ. ಇಂಥ ಕಣ್ಣು ಯಾರಿಗೆ ಬೇಕು? ನನಗೆ ಹೊಳೆ ಆಚೆ ಏನು ಕೆಲಸ?

ದಿನ ಹೋದ ಹಾಗೆ ಸರಿಯಾಗುತ್ತದೆ ಎಂದರು. ಒಂದು ದಿನ ಸ್ವಲ್ಪ ವಾಸಿ, ಮರುದಿನ ಮತ್ತೆ ಕಲಸು. ನಾನು ಒಳಗೊಳಗೇ ಹೆದರಿದೆ. ಇದ್ದ ಒಂದನ್ನೂ ನನ್ನ ಹಟದಿಂದ ಹಾಳು ಮಾಡಿಕೊಂಡೆನೋ ಎಂದು. ಬಿಲ್ಲೆ ತೆಗೆದ ದಿನ ಬಿಚ್ಚಿದ್ದ ಹಗ್ಗವನ್ನು ಸುರೇಶ ಮತ್ತೆ ಕಟ್ಟಿದ. ಬಾಯಲ್ಲಿ ಹೇಳಿದ್ದರೆ ವಾಸಿಯಿತ್ತು. ಯಂತ್ರ ಹಳೆಯದಿರಬೇಕು, ಮುದುಕಿಗೆ ಸಾಕು ಎಂದು ಅರ್ಧ ಲೇಸರ್ ಬಿಟ್ಟಿರಬೇಕು ಎಂದಳು ಪದ್ದಕ್ಕ. ಗುಲಾಬಿಗೆ ಕಾರಣ ಮೊದಲೇ ಗೊತ್ತಿತ್ತು.

"ಹರಕಿ ಸಂದಾಯ ಮಾಡ್ದೆ ಹೋರೆ ಮತ್ತೆಂತ ಆತ್ತ್ ಅತ್ತಿಗೆ?"

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನಾನು ಡಾಕ್ಟರ ಹತ್ತಿರ ಜಗಳಕ್ಕೇ ಹೋದದ್ದು. ಹುಡುಗಿಗೆ ಕನ್ನಡಕ ಹೋಗುವ ಹಾಗೆ ಮಾಡಿದಿರಿ, ನನಗೆ ಅನ್ನ ಕಾಣದ ಹಾಗೆ ಮಾಡಿದಿರಿ ಎಂದೆ. ಅವರು ಸಿಟ್ಟಾಗಲಿಲ್ಲ, ಆವತ್ತೇ ಹೇಳಿದ್ದೆನಲ್ಲ ಎಂದರು. ಕಾಗದದ ಮೇಲೆ ಕಣ್ಣು ಬರೆದು ತೋರಿಸಲು ಹೊರಟರು. ಹತ್ತಿರದ ಕಾಗದ ಕಾಣುತ್ತಿದ್ದರೆ ನಾನು ಯಾಕೆ ಬರುತ್ತಿದ್ದೆ? ಆಗ ಅವರು ಬಾಯಲ್ಲಿ ಹೇಳಿದರು, ನಾನು ನಮ್ಮ ಅಂಗಳದ ಲೆಕ್ಕದಲ್ಲಿ ತಿಳಿದುಕೊಂಡೆ. ಮಳೆಗಾಲ ಕಳೆದ ಮೇಲೆ ಅಂಗಳ ಕೆತ್ತುತ್ತೇವಲ್ಲ. ಉಬ್ಬು ಇದೆ ಎಂದು ಕೆತ್ತಿದರೆ ಉಬ್ಬು ಹೋಗುತ್ತದೆ, ಅದರೊಟ್ಟಿಗೆ ಇಳಿಜಾರೂ ಬದಲಾಗುತ್ತದೆ. ಮೊದಲು ತೋಡಿಗೆ ಹೋಗುತ್ತಿದ್ದ ನೀರು ಇನ್ನೆಲ್ಲೋ ಹೋಗಿ ನಿಲ್ಲುತ್ತದೆ. ಕಣ್ಣಿನ ಗಾಜೂ ಹಾಗೆಯೇ, ಅಲ್ಲಿ ಹರಿಯುವುದು ಬೆಳಕು. ಅಶ್ವಿನಿಯ ಕಣ್ಣು ಹುಟ್ಟಾ ಉಬ್ಬು ಜಾಸ್ತಿ. ನಡುವೆ ಕೆತ್ತಿ ತಗ್ಗಿಸಿದಾಗ ಬೆಳಕು ಸರಿಯಾದ ಜಾಗಕ್ಕೆ ಬಂತು. ನನ್ನದು ಮೊದಲು ಸರಿಯಾಗಿಯೇ ಇತ್ತು. ಕಲೆ ತೆಗೆಯಲು ಕೆತ್ತಿದಾಗ ಗಾಜು ತಟ್ಟೆಯ ಹಾಗೆ ಚಪ್ಪಟೆಯಾಯಿತು, ಬೆಳಕು ಜಾಗ ತಪ್ಪಿತು. ಇಳಿಜಾರು ತಪ್ಪಿದ್ದಕ್ಕೆ ಅಡ್ಡ ಮಣ್ಣು ಕೊಡುವ ಹಾಗೆ ದಪ್ಪ ಕನ್ನಡಕ ಕೊಟ್ಟರೆ ಬೆಳಕು ಪುನಃ ಜಾಗಕ್ಕೆ ಬರುತ್ತದೆ. ಹಾಳಾದದ್ದು ಏನೂ ಇಲ್ಲ.

ಇಷ್ಟೇ ವಿಷಯ. ಇದನ್ನು ಬಸ್ಸಿನಲ್ಲಿ ಹೇಳಲು ಹೋದರೆ, ಗಾಜು ತಟ್ಟೆ ಎನ್ನುವಾಗಲೇ ಕೇಳುವವರ ಸ್ಟಾಪು ಬಂದಿರುತ್ತದೆ.

ಕಣ್ಣು ಒಂದು ಸ್ಥಿತಿಗೆ ಬಂದು ನಿಲ್ಲಲಿ ಎಂದು ಮತ್ತೂ ಕೆಲವು ವಾರ ಕಾಯಿಸಿದರು. ಆಮೇಲೆ ಅದೇ ಹುಡುಗಿ ಅದೇ ಕತ್ತಲೆ ಕೋಣೆಯಲ್ಲಿ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ ಒಂದೊಂದೇ ಗಾಜು ಹಾಕುತ್ತಾ ಹೋದಳು. ಇದು ವಾಸಿಯೋ, ಇದು ವಾಸಿಯೋ ಎಂದು ಕೇಳಿದಳು. ಸುಮಾರು ಹೊತ್ತಿನ ಮೇಲೆ ಒಂದು ಗಾಜು ಹಾಕಿ ಹಲಗೆ ಓದಿ ಎಂದಳು. ಮೇಲಿನದ್ದು ಓದಿದೆ. ಅದರ ಕೆಳಗಿನದ್ದು ಓದಿದೆ. ಮತ್ತೂ ಕೆಳಗಿನದ್ದರಲ್ಲಿ ಒಂದು ಅಕ್ಷರ ನನಗೆ ಬಾರದ್ದು ಇತ್ತು. ಕಾಣುವುದಿಲ್ಲವೇ ಎಂದಳು. ಕಾಣುತ್ತದೆ, ಅದರ ಬಾಲ, ಕೊಂಬು ಎಲ್ಲ ಕಾಣುತ್ತದೆ, ಹೆಸರು ಗೊತ್ತಿಲ್ಲ ಎಂದೆ. ಹುಡುಗಿ ನಕ್ಕಳು. ಆಮೇಲೆ ಹತ್ತಿರದ್ದನ್ನು ನೋಡಲು ಒಂದು ಪುಸ್ತಕ ಕೊಟ್ಟಳು. ನಾನು ಪುಸ್ತಕ ಬಿಟ್ಟು ನನ್ನ ಕೈ ನೋಡಿದೆ. ಬೆರಳು ಬೇರೆ ಬೇರೆಯಾಗಿತ್ತು. ಉಗುರಿನ ಸಂದಿಯ ಕಪ್ಪು ಕೂಡ ಕಂಡಿತು. ಬಹಳ ಹೊತ್ತು ನೋಡಿದೆ ಎಂದು ಅಶ್ವಿನಿ ಆಮೇಲೆ ಹೇಳಿದಳು. ಹೊರಗೆ ಕಾಯುವವರ ಸಾಲು ಉದ್ದ ಇತ್ತು. ಆದರೂ ಆ ಹುಡುಗಿ ಅವಸರ ಮಾಡಲಿಲ್ಲ.

ಕನ್ನಡಕ ದಪ್ಪ, ಮೂಗಿನ ಮೇಲೆ ಗುರುತು ಬೀಳುತ್ತದೆ. ಅದನ್ನು ಹಾಕಿದರೆ ನನ್ನ ಕಣ್ಣು ಎಮ್ಮೆ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಅಶ್ವಿನಿಯೇ ಹೇಳುತ್ತಾಳೆ. ನೋಡುವವರ ಕಷ್ಟ ನನಗೆ ಬೇಡ, ನನಗೆ ಕಂಡರೆ ಸಾಕು. ಮೂಡೆ ಈಗಲೂ ಕಟ್ಟುತ್ತೇನೆ. ಮುಳ್ಳು ಉಳಿದಿದೆಯೋ ಎಂದು ಮುಂಗೈಯ ಒಳಮೈಗೆ ಎಳೆದು ನೋಡುತ್ತೇನೆ, ಅಲ್ಲಿಯೂ ಚರ್ಮಕ್ಕೆ ಬುದ್ಧಿ ಇದೆ. ಪದ್ದಕ್ಕನ ನಂದಿಬಟ್ಟಲ ಗಿಡ ಅಲ್ಲೇ ಇದೆ. ಹೂ ದೇವರಿಗೆ ಏರಿಸಲಿ, ನನ್ನ ಅಡ್ಡಿಯಿಲ್ಲ.

ಕನ್ನಡಕ ತಂದ ದಿನ ಮನೆ ತಲುಪುವಾಗ ಸಂಜೆಯಾಗಿತ್ತು. ಬೇಗ ಮಲಗಿದೆ. ಮರುದಿನ ಬೆಳಿಗ್ಗೆ ಮೀನಿನ ಲಲಿತ ಸ್ಕೂಟರಿನಲ್ಲಿ ಬುಟ್ಟಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ಕೂಗಿದಳು. ನನ್ನ ಕಣ್ಣು ಹೋದ ಮೇಲೆ ಮೀನು ತೆಗೆದುಕೊಳ್ಳುವ ಕೆಲಸ ಜಲಜನದ್ದಾಗಿತ್ತು. ಅವಳು ಪಾತ್ರೆ ಹಿಡಿದು ಹೊರಟಿದ್ದಳು. ನೀನು ನಿಲ್ಲು ಎಂದು ನಾನು ಕನ್ನಡಕ ಹಾಕಿಕೊಂಡು ಅಂಗಳಕ್ಕೆ ಇಳಿದೆ.

"ಸೀತಕ್ಕ, ಬಂಗ್ಡಿ ಇತ್ತ್, ಈಗಷ್ಟೇ ದೋಣಿಂದ ಇಳ್ಸದ್ದ್," ಎಂದು ಲಲಿತ ನನಗೆ ಹೇಳಿದಳು, ಜಲಜನಿಗೆ ಹೇಳುವ ರಾಗದಲ್ಲಿಯೇ.

ನಾನು ಒಂದು ಬಂಗಡೆ ಎತ್ತಿದೆ. ಕಿವಿರು ಬಿಡಿಸಿ ನೋಡಿದೆ, ಕಂದು. ಮುಖದ ಹತ್ತಿರ ತಂದು ಅದರ ಕಣ್ಣು ನೋಡಿದೆ. ಬೆಳ್ಳಗೆ ಮಂಜು ಕಟ್ಟಿತ್ತು.

"ಇದ್ ಮೊನ್ನೆದ್," ಎಂದೆ.

ಲಲಿತ ನನ್ನ ಕನ್ನಡಕ ನೋಡಿದಳು. "ಇಷ್ಟ್ ದಿನ ನಿಮ್ಮ್ ಮಗ್ಳ್ ಇದನ್ನೇ ತಕಂತಿದ್ಲಲೆ," ಎಂದಳು.

ಜಲಜ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತೇ ಇದ್ದಳು. ನಾನು ಮೀನನ್ನು ಬುಟ್ಟಿಗೆ ಹಾಕಿ, ಎಲೆ ಮುಚ್ಚಿ, ನಾಳೆ ಬಾ ಎಂದು ಲಲಿತನನ್ನು ಕಳಿಸಿದೆ. ಆಮೇಲೆ ಒಳಗೆ ಹೋಗಿ ಭರಣಿಯಿಂದ ಉಪ್ಪಿನ ಮಾವಿನಕಾಯಿ ತೆಗೆದು, ಹುಳ ಇದೆಯೋ ಎಂದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಚಟ್ನಿ ಅರೆದೆ.